ನಮ್ಮವರಿಲ್ಲದ ಊರು

ಫ್ರಾಂಕ್‌ಫರ್ಟಿಗೆ ನಾನು ಮೂವತ್ತೊಂದು ಸಲ ಹೋಗಿದ್ದೆ. ಒಂದು ಸಲವೂ ಆ ಊರನ್ನು ನೋಡಿರಲಿಲ್ಲ. ನ್ಯೂಜೆರ್ಸಿಯ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನ್ಯೂಅರ್ಕಿನಲ್ಲಿ ಸಂಜೆ ವಿಮಾನ ಹತ್ತುವುದು, ಬೆಳಗ್ಗೆ ಫ್ರಾಂಕ್‌ಫರ್ಟಿನಲ್ಲಿ ಇಳಿದು ಮುಖ ತೊಳೆಯುವುದು, ಡಬ್ಬಿಯ ಚಪಾತಿ ತಿಂದು ನಾಲ್ಕು ಗಂಟೆ ಕುರ್ಚಿಯ ಮೇಲೆ ತೂಕಡಿಸುವುದು, ಆಮೇಲೆ ಬೆಂಗಳೂರಿನ ವಿಮಾನ. ಅಲ್ಲಿನ ಯಾವ ಬಚ್ಚಲಿನ ನಲ್ಲಿಯಲ್ಲಿ ಬಿಸಿನೀರು ಬರುತ್ತದೆ, ಯಾವ ಸಾಲಿನ ಕುರ್ಚಿಗೆ ಕೈಯಿಲ್ಲದ್ದರಿಂದ ಕಾಲು ಚಾಚಿ ಮಲಗಬಹುದು ಎಂಬುದೆಲ್ಲ ನನಗೆ ಬಾಯಿಪಾಠ. ಊರು ಯಾವ ದಿಕ್ಕಿಗಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ನಾನು ಅನಸೂಯ. ಓಲ್ಡ್ ಬ್ರಿಡ್ಜಿನಲ್ಲಿ ಮನೆ. ಇಪ್ಪತ್ತೆಂಟು ವರ್ಷ ಆಸ್ಪತ್ರೆಯೊಂದರ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದುಡಿದು, ಈ ಬೇಸಿಗೆಯಲ್ಲಿ ರಿಟೈರ್ ಆದೆ. ಆ ಇಪ್ಪತ್ತೆಂಟು ವರ್ಷದ ರಜೆಯೆಲ್ಲ ಎಲ್ಲಿ ಹೋಯಿತು ಎಂದು ಲೆಕ್ಕ ಹಾಕಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಮದುವೆ, ಮುಂಜಿ, ಗೃಹಪ್ರವೇಶ, ಅರವತ್ತರ ಶಾಂತಿ. ಒಂದು ಸಲ ಹಟ ಹಿಡಿದು ನಯಾಗರಾ ನೋಡಲು ಹೊರಟೆವು. ಬಫಲೋದಲ್ಲಿ ನಮ್ಮ ಯಜಮಾನರ ಸಹಪಾಠಿಯ ಮನೆಯಲ್ಲಿ ಇಳಿದುಕೊಂಡೆವು. ಮೂರು ದಿನದಲ್ಲಿ ಜಲಪಾತವನ್ನು ನಲವತ್ತು ನಿಮಿಷ ನೋಡಿದೆ, ಉಳಿದಷ್ಟು ಹೊತ್ತೂ ಅವರ ಅಡಿಗೆಮನೆಯ ಸಿಂಕಿನಲ್ಲಿ ನೀರು ಬೀಳುವುದನ್ನು ನೋಡಿದೆ.

ಆದ್ದರಿಂದ ನಮ್ಮ ಮಗಳು ನಂದಿತಾ, ಮ್ಯಾನ್‌ಹಟನ್ನಿನ ತನ್ನ ಒಂದೂವರೆ ಕೋಣೆಯ ಅಪಾರ್ಟ್‌ಮೆಂಟಿನಿಂದ ಫೋನ್ ಮಾಡಿ, ರಿಟೈರ್‌ಮೆಂಟಿನ ಉಡುಗೊರೆಯಾಗಿ ಯೂರೋಪಿಗೆ ಕಳಿಸುತ್ತೇನೆ, ಎಲ್ಲಿಗೆ ಬೇಕು ಹೇಳು ಎಂದಾಗ ನನಗೆ ಬೇಕಾದದ್ದು ಒಂದೇ ಇತ್ತು. ನಮ್ಮವರು ಒಬ್ಬರೂ ಇಲ್ಲದ ಊರು. ಯಾರ ಮನೆಗೂ ಹೋಗಬೇಕಾಗಿಲ್ಲದ, ಯಾರೂ "ಬಂದು ನಮ್ಮನೇಲಿ ಊಟ ಮಾಡ್ದೇ ಹೋದ್ರಂತೆ" ಎಂದು ಆಡಿಕೊಳ್ಳದ ಮೂರು ದಿನ.

ಲಂಡನ್ನಿನಲ್ಲಿ ನಮ್ಮವರ ಹದಿಮೂರು ಮನೆಗಳಿವೆ. ಒಂದಕ್ಕೆ ಹೋಗಿ ಇನ್ನೊಂದಕ್ಕೆ ಹೋಗದಿದ್ದರೆ ಮುಂದಿನ ಮೂರು ಮದುವೆಗಳಲ್ಲಿ ಮಾತು ಕೇಳಬೇಕು. ಪ್ಯಾರಿಸ್ಸಿನಲ್ಲಿ ಪಕ್ಕದ ಮನೆಯವರ ಅಳಿಯ. ಜ್ಯೂರಿಕ್ಕಿನಲ್ಲಿ ಯಜಮಾನರ ದೊಡ್ಡಪ್ಪನ ಮೊಮ್ಮಗ.

"ಫ್ರಾಂಕ್‌ಫರ್ಟ್" ಎಂದೆ.

"ಅಮ್ಮ, ನೋಬಡಿ ಗೋಸ್ ಟು ಫ್ರಾಂಕ್‌ಫರ್ಟ್. ಇಟ್ಸ್ ಜಸ್ಟ್ ಬ್ಯಾಂಕ್ಸ್" ಎಂದಳು ನಂದಿತಾ.

"ಅದಕ್ಕೇ ಕಣೆ. ಬ್ಯಾಂಕುಗಳು ಯಾರನ್ನೂ ಊಟಕ್ಕೆ ಕರೆಯಲ್ಲ."

ನಮ್ಮ ಯಜಮಾನರು ಗಣಪತಿ. ಧಾರವಾಡದವರು, ಕೌಂಟಿ ಆಫೀಸಿನಲ್ಲಿ ರಸ್ತೆ ಎಂಜಿನಿಯರಾಗಿದ್ದು ನನಗಿಂತ ಮೂರು ವರ್ಷ ಮೊದಲು ರಿಟೈರ್ ಆದವರು. ಚಿನ್ನದಂಥ ಮನುಷ್ಯ, ನಾನು ಇಲ್ಲ ಎನ್ನುವುದಿಲ್ಲ. ಆದರೆ ಅವರೂ ಯಾವುದಕ್ಕೂ ಇಲ್ಲ ಎನ್ನುವುದಿಲ್ಲ, ತೊಂದರೆ ಅದೇ. ಯಾರು ಏನು ಕೇಳಿದರೂ ಅವರ ತಲೆ ತಾನೇ ಆಡುತ್ತದೆ. ನಮ್ಮಲ್ಲಿ ಯಾರಾದರೂ ಪ್ರಯಾಣ ಹೊರಟರೆಂದು ಸುದ್ದಿ ಬಿತ್ತೋ, ಮರುದಿನದಿಂದ ಗ್ಯಾರೇಜಿನ ಬಾಗಿಲಿಗೆ ಗಂಟುಗಳು ಬಂದು ಬೀಳುತ್ತವೆ. ಒಬ್ಬರ ನಾದಿನಿಗೆ ಸೀರೆ, ಇನ್ನೊಬ್ಬರ ಅಣ್ಣನಿಗೆ ಮೊಣಕಾಲಿನ ಪಟ್ಟಿ. ಹಾಗಾಗಿ ಅವರನ್ನು ಎದುರು ಕೂರಿಸಿಕೊಂಡು ಹೇಳಿದೆ: "ಯಾರು ಕೇಳಿದ್ರೂ ವರ್ಮಾಂಟಿಗೆ ಕೆಂಪಾದ ಎಲೆ ನೋಡೋಕೆ ಹೋಗ್ತಿದೀವಿ ಅನ್ನಿ. ಫ್ರಾಂಕ್‌ಫರ್ಟ್ ಅನ್ನೋ ಪದ ನಿಮ್ಮ ಬಾಯಲ್ಲಿ ಬರಕೂಡದು."

"ಹೂಂ" ಎಂದು ತಲೆಯಾಡಿಸಿದರು. ತಲೆಯಾಡಿಸುವುದು ಅವರಿಗೆ ಎಷ್ಟು ಸುಲಭವೆಂದು ಆಗ ನಾನು ನೆನಪಿಸಿಕೊಳ್ಳಬೇಕಿತ್ತು.

ಸೆಪ್ಟೆಂಬರಿನ ಕೊನೆಯ ಗುರುವಾರ ಬೆಳಗ್ಗೆ ಫ್ರಾಂಕ್‌ಫರ್ಟಿನಲ್ಲಿ ಇಳಿದೆವು. ಇಳಿದವರೇ ಅಭ್ಯಾಸದ ಬಲದಿಂದ ನಡೆದೆವು. ಎಡಕ್ಕೆ, ಎಸ್ಕಲೇಟರ್ ಮೇಲಕ್ಕೆ, ಉದ್ದನೆಯ ಸುರಂಗ, ಪುಟ್ಟ ರೈಲು, ಮತ್ತೆ ಬಲಕ್ಕೆ. ದಾರಿಯಲ್ಲಿ ಬಿಸಿನೀರಿನ ಬಚ್ಚಲಿನಲ್ಲಿ ಮುಖವನ್ನೂ ತೊಳೆದೆವು. ಕುರ್ಚಿಗಳಲ್ಲಿ ಕೂತು, ನಾನು ಚಪಾತಿ ಡಬ್ಬಿ ತೆಗೆದೆ. ಎದುರಿಗೆ ಸೀರೆಯ ಕೆಳಗೆ ಬಿಳಿ ಸ್ನೀಕರ್ಸ್ ಹಾಕಿದ್ದ ಅಜ್ಜಿಯೊಬ್ಬರು ನಕ್ಕು, "ಬೆಂಗಳೂರಿಗಾ?" ಎಂದರು.

"ಹೌದ್ರೀ" ಎಂದರು ನಮ್ಮವರು.

ನಾನು ಚಪಾತಿಯ ತುತ್ತನ್ನು ಅರ್ಧಕ್ಕೇ ನಿಲ್ಲಿಸಿ ಮೇಲೆ ನೋಡಿದೆ. ಬೆಂಗಳೂರು ಎಂದು ಬೋರ್ಡಿನಲ್ಲಿ ಬರೆದಿತ್ತು. ಮೂವತ್ತೊಂದು ಸಲದ ಕಾಲುಗಳು ಮೂವತ್ತೆರಡನೆಯ ಸಲವೂ ನಮ್ಮನ್ನು ಬೆಂಗಳೂರಿನ ಗೇಟಿಗೇ ತಂದು ಕೂರಿಸಿದ್ದವು. ಅಜ್ಜಿಗೆ ಏನೂ ಹೇಳದೆ ಡಬ್ಬಿ ಮುಚ್ಚಿಕೊಂಡು ಎದ್ದೆವು. ಹೊರಗೆ ಹೋಗುವ ದಾರಿ ಹುಡುಕಲು ಮುಕ್ಕಾಲು ಗಂಟೆ ಹಿಡಿಯಿತು.

ಅದು ದೊಡ್ಡ ವಿಷಯವಲ್ಲ. ದೊಡ್ಡ ವಿಷಯ ಕಸ್ಟಮ್ಸಿನಲ್ಲಿ ಕಾದಿತ್ತು. ಎಳೆಯ ವಯಸ್ಸಿನ ಅಧಿಕಾರಿಯೊಬ್ಬ ನಮ್ಮವರ ಸೂಟ್‌ಕೇಸನ್ನು ಪಕ್ಕಕ್ಕೆ ತೆಗೆಸಿ, ಅದರಲ್ಲಿ ಲೋಹದ ಕೊಳವೆಯಂಥದ್ದು ಏನೋ ಕಾಣುತ್ತಿದೆ, ತೆರೆಯಿರಿ ಎಂದ. ಏನೂ ಇಲ್ಲ, ಬರೀ ಬಟ್ಟೆ, ನಾನೇ ಪ್ಯಾಕ್ ಮಾಡಿದ್ದು ಎಂದು ಧೈರ್ಯವಾಗಿ ಹೇಳಿದೆ. ತೆರೆದರೆ ಎರಡು ಸ್ವೆಟರುಗಳ ನಡುವೆ, ನಾನು ಕಂಡೇ ಇರದ ಹಳೆಯ ಟವೆಲ್ಲಿನಲ್ಲಿ ಸುತ್ತಿದ ಒಂದು ಗಂಟು. ಅದರೊಳಗೆ ಚಟ್ನಿಪುಡಿ, ಸಾರಿನ ಪುಡಿ, ಹುಣಸೆ ತೊಕ್ಕು, ಎಲ್ಲದಕ್ಕೂ ಐದೈದು ಸುತ್ತು ಟೇಪು. ನಡುವೆ ಹಿತ್ತಾಳೆಯ ಚಕ್ಕುಲಿ ಒರಳು.

ನಾನು ಗಣಪತಿಯವರನ್ನು ನೋಡಿದೆ. ಅವರು ಸೀಲಿಂಗಿನ ದೀಪಗಳನ್ನು ನೋಡುತ್ತಿದ್ದರು.

ಅಧಿಕಾರಿ ಒರಳನ್ನು ಎತ್ತಿ ತಿರುಗಿಸಿ, ಇದೇನು ಎಂದ. ಇದರಲ್ಲಿ ಹಿಟ್ಟು ತುಂಬಿ, ಹಿಡಿ ತಿರುಗಿಸಿದರೆ ಕೆಳಗೆ ಎಳೆ ಬರುತ್ತದೆ, ಸುತ್ತಿ ಸುತ್ತಿ ಎಣ್ಣೆಗೆ ಬಿಡಬೇಕು ಎಂದು ಕೈಯಲ್ಲಿ ಮಾಡಿ ತೋರಿಸಿದೆ. ಅವನ ಮುಖ ಅರಳಿತು. ತನ್ನ ಅಜ್ಜಿಯ ಮನೆಯಲ್ಲೂ ಇಂಥದೊಂದು ಇದೆಯಂತೆ, ಬಿಸಿನೀರಿಗೆ ಹಿಟ್ಟಿನ ಎಳೆ ಬಿಡಲು. ಪಕ್ಕದ ಟೇಬಲ್ಲಿನ ಹೆಂಗಸನ್ನೂ ಕರೆದ. ಅವಳು ಬಂದು, ತಮ್ಮಮ್ಮ ಇಂಥದರಲ್ಲಿ ಬಿಸ್ಕತ್ತು ಒತ್ತುತ್ತಿದ್ದರು ಎಂದಳು. ಇಬ್ಬರೂ ಒರಳನ್ನು ಹಿಡಿದು ತಮ್ಮ ಭಾಷೆಯಲ್ಲಿ ಹತ್ತು ನಿಮಿಷ ಚರ್ಚೆ ಮಾಡಿದರು. ಆಮೇಲೆ ಅವನು ಚಟ್ನಿಪುಡಿಯ ಡಬ್ಬಿ ಮೂಸಿ, ಎರಡು ಸಲ ಸೀನಿ, ಎಲ್ಲವನ್ನೂ ಮೊದಲಿನಂತೆಯೇ ಟವೆಲ್ಲಿನಲ್ಲಿ ಸುತ್ತಿ ಕೊಟ್ಟ.

ಊರಿಗೆ ಹೋಗುವ ರೈಲಿನಲ್ಲಿ ಕೂತ ಮೇಲೆ ಕೇಳಿದೆ. "ಯಾರದು?"

ಶರ್ವಾಣಿಯದು. ವುಡ್‌ಬ್ರಿಡ್ಜಿನ ಶರ್ವಾಣಿ, ನಮ್ಮ ಹಬ್ಬ ಹರಿದಿನಗಳಿಗೆಲ್ಲ ಮನೆಯ ಬೇಸ್‌ಮೆಂಟ್ ಬಿಟ್ಟುಕೊಡುವವಳು, ಒಳ್ಳೆಯವಳು. ಇಸೆಲಿನ್ನಿನ ಅಂಗಡಿಯಲ್ಲಿ ಇವರು ಕಣ್ಣಿಗೆ ಬಿದ್ದು, ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದ್ದಾಳೆ. ಇವರು ವರ್ಮಾಂಟ್ ಎಂದೇ ಶುರು ಮಾಡಿದರಂತೆ. ವರ್ಮಾಂಟಿನಲ್ಲೂ ಅವಳಿಗೆ ಪರಿಚಯದವರಿದ್ದಾರೆ, ಒಂದು ಪಾರ್ಸೆಲ್ ಕೊಡುತ್ತೇನೆ ಎಂದಳಂತೆ. ಹೆದರಿ ನಿಜ ಹೇಳಿಬಿಟ್ಟರು. ನಿಜ ಹೇಳಿದರೆ ಅಲ್ಲಿ ಅವಳ ಅಕ್ಕನ ಮಗಳೇ ಇದ್ದಾಳೆ. ಸನ್ನಿಧಿ, ಮೈಸೂರಿನ ಹುಡುಗಿ, ಫ್ರಾಂಕ್‌ಫರ್ಟಿನ ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ. ಒರಳು ಅವಳ ಅಜ್ಜಿಯದಂತೆ, ಇಷ್ಟು ದಿನ ಶರ್ವಾಣಿಯ ಹತ್ತಿರ ಇತ್ತಂತೆ. ದೀಪಾವಳಿಯ ಒಳಗೆ ದೊಡ್ಡ ಮೊಮ್ಮಗಳ ಕೈ ಸೇರಬೇಕಂತೆ.

"ನಮ್ಮವರು ಯಾರೂ ಇಲ್ಲದ ಊರು ಅಂತ ನಾನು ಅಂದಿದ್ದು ನೆನಪಿದ್ಯಾ?"

"ನೆನಪದ. ಆದ್ರ ಅಕಿ ನಮ್ಮಾಕಿ ಅಲ್ಲಲ್ಲ ಅನೂ" ಎಂದರು ನಮ್ಮವರು. "ಶರ್ವಾಣಿ ಅವರ ಅಕ್ಕನ ಮಗಳು. ನಮಗೇನೂ ಆಗಬೇಕಾಗಿಲ್ಲ."

ಕಿಟಕಿಯ ಆಚೆ ಬ್ಯಾಂಕುಗಳ ಗಾಜಿನ ಕಟ್ಟಡಗಳು ಕಾಣತೊಡಗಿದವು. ನಾನು ಅವುಗಳ ಮಹಡಿ ಎಣಿಸುತ್ತಾ ಕೂತೆ.

ಸನ್ನಿಧಿಯ ಮೆಸೇಜು ಬಂದಾಗ ಸ್ವಲ್ಪ ಜೀವ ಬಂತು. "ಸಾರಿ ಅಂಕಲ್, ಈ ವೀಕೆಂಡ್ ಕಲೋನ್‌ಗೆ ಹೋಗ್ತಿದೀನಿ. ಪಾರ್ಸೆಲ್ ನನ್ನ ಪಕ್ಕದ ಮನೆ ಮಾರ್ಗರೆಟ್ ಅಜ್ಜಿ ಹತ್ರ ಕೊಟ್ಬಿಡಿ, ಪ್ಲೀಸ್." ಆ ಊರಲ್ಲಿ ಪಾರ್ಸೆಲ್ಲುಗಳನ್ನು ಪಕ್ಕದ ಮನೆಯವರಲ್ಲಿ ಬಿಟ್ಟು ಹೋಗುವುದು ಮಾಮೂಲಂತೆ. ಹುಡುಗಿಯ ಮುಖ ನೋಡದೆಯೇ ಅವಳು ನನಗೆ ಇಷ್ಟವಾದಳು.

ಇಷ್ಟರಲ್ಲೇ ಮುಗಿಯಬೇಕಿತ್ತು. ಆದರೆ ಅವತ್ತು ಸಂಜೆ ಹಳೆಯ ಊರಿನ ಚೌಕದಲ್ಲಿ, ಮರದ ಪಟ್ಟಿಗಳ ಚೂಪು ಮನೆಗಳ ಎದುರು ನಾನು ಬಾಯಿ ತೆರೆದು ನಿಂತಿದ್ದಾಗ, ನಮ್ಮವರು ಶರ್ವಾಣಿಗೆ ಈ ಸುದ್ದಿ ಟೈಪ್ ಮಾಡುತ್ತಾ ನಡೆದರು. ಅಲ್ಲಿಯ ನೆಲ ಉರುಟು ಕಲ್ಲಿನದು. ಮೂವತ್ತು ವರ್ಷ ರಸ್ತೆ ಮಾಡಿದ ಎಂಜಿನಿಯರು ರಸ್ತೆ ನೋಡದೆ ಕಾಲಿಟ್ಟು ಪಾದ ಉಳುಕಿಸಿಕೊಂಡರು.

ಶುಕ್ರವಾರ ಪೂರ್ತಿ ಅದಕ್ಕೇ ಹೋಯಿತು. ಇಪ್ಪತ್ತೆಂಟು ವರ್ಷ ಆಸ್ಪತ್ರೆಯಲ್ಲಿ ದುಡಿದವಳಿಗೆ ಫ್ರಾಂಕ್‌ಫರ್ಟ್ ಸಾವಕಾಶವಾಗಿ ತೋರಿಸಿದ ಮೊದಲ ಸ್ಥಳ ಆಸ್ಪತ್ರೆ. ಮೂಳೆ ಮುರಿದಿರಲಿಲ್ಲ. ಕಾಲು ಮೇಲಿಟ್ಟು ಎರಡು ದಿನ ಮಲಗಿರಬೇಕು ಎಂದರು. ನಡುವೆ ಶರ್ವಾಣಿಯ ಫೋನು. "ಸಿಕ್ಕಳಾ ಅನಸೂಯಕ್ಕ? ಅಕ್ಕ ಮೈಸೂರಿಂದ ಕೇಳ್ತಾನೇ ಇದಾಳೆ."

ಭಾನುವಾರ ಬೆಳಗ್ಗೆ ವಾಪಸು ವಿಮಾನ. ನನ್ನ ಮೂರು ದಿನಗಳಲ್ಲಿ ಉಳಿದದ್ದು ಶನಿವಾರ ಒಂದೇ.

"ನೀ ಹೋಗಿ ಆ ಅಜ್ಜೀ ಕಡೆ ಕೊಟ್ಟು ಬಂದುಬಿಡು. ಹತ್ತು ಮಿನಿಟಿನ ಕೆಲಸ. ಆಮ್ಯಾಲ ಇಡೀ ಊರು ನಿಂದ" ಎಂದರು ನಮ್ಮವರು, ದಿಂಬಿನ ಮೇಲೆ ಕಾಲಿಟ್ಟುಕೊಂಡು.

ಚೀಲ ಮೂರು ಕಿಲೋ ಮೇಲಿತ್ತು. ಹುಡುಗಿಯ ಮನೆ ನದಿಯ ಆಚೆ ದಡದಲ್ಲಿ. ಮೈನ್ ನದಿಯ ದಂಡೆಗೆ ಬರುವಷ್ಟರಲ್ಲಿ ನನ್ನ ಭುಜ ಕೆಂಪಾಗಿತ್ತು, ಮೈಯೆಲ್ಲ ಸಿಟ್ಟು ತುಂಬಿತ್ತು. ಬೆಂಚಿನ ಮೇಲೆ ಕೂತೆ. ಬಿಸಿಲು ಹಿತವಾಗಿತ್ತು. ಆಗ ನನ್ನ ತಲೆಗೆ ಒಂದು ಯೋಚನೆ ಬಂತು. ಅದನ್ನು ಮುಚ್ಚಿಡುವುದಿಲ್ಲ. ಚೀಲವನ್ನು ಬೆಂಚಿನ ಮೇಲೇ ಬಿಟ್ಟು, ಮರೆತುಹೋಯಿತು ಅಂತ ಹೇಳಿದರಾಯಿತು. ವಯಸ್ಸಾದವರು ಮರೆಯುತ್ತಾರೆ.

ಎದ್ದು ಹತ್ತು ಹೆಜ್ಜೆ ಹೋಗಿರಲಿಲ್ಲ, "ಹಲೋ, ಹಲೋ" ಎನ್ನುತ್ತಾ ನಾಯಿ ಹಿಡಿದ ಮನುಷ್ಯನೊಬ್ಬ ಓಡಿಬಂದು ಚೀಲವನ್ನು ಕೈಗಿತ್ತ. ಥ್ಯಾಂಕ್ಸ್ ಹೇಳಿದೆ. ಅವನು ಕಣ್ಮರೆಯಾದ ಮೇಲೆ ಇನ್ನೊಂದು ಬೆಂಚಿನಲ್ಲಿ ಬಿಟ್ಟೆ. ಈ ಸಲ ಇಬ್ಬರು ಶಾಲೆ ಹುಡುಗಿಯರು ಸೈಕಲ್ಲಿನಲ್ಲಿ ಬೆನ್ನಟ್ಟಿ ಬಂದರು. ಅಷ್ಟು ಪ್ರಾಮಾಣಿಕರಿರುವ ಊರಿನಲ್ಲಿ ಚೀಲ ಕಳೆದುಕೊಳ್ಳುವುದು ನನ್ನಿಂದಾಗದ ಕೆಲಸವೆಂದು ಬಿಟ್ಟುಕೊಟ್ಟು, ಪ್ರೇಮಿಗಳು ಹಾಕಿದ ಬೀಗಗಳು ಜೋತುಬಿದ್ದ ಕಬ್ಬಿಣದ ಸೇತುವೆ ದಾಟಿದೆ.

ಮನೆ ಸಿಕ್ಕಿತು. ನಾಲ್ಕು ಮಹಡಿಯ ಕಟ್ಟಡ, ಬಾಗಿಲ ಪಕ್ಕ ಕರೆಗಂಟೆಗಳ ಸಾಲು. ನನ್ನ ಚೀಟಿಯಲ್ಲಿ ಮಾರ್ಗರೆಟ್ ಎಂದಷ್ಟೇ ಇತ್ತು. ಕರೆಗಂಟೆಗಳ ಮೇಲೆ ಇದ್ದದ್ದು ಬರೀ ಮನೆತನದ ಹೆಸರುಗಳು. ಅವುಗಳ ನಡುವೆ ಎಸ್. ದಿವಾಕರ ಎಂದು, ಮೆಸೇಜಿನ ವಿಳಾಸದಲ್ಲಿದ್ದ ಸನ್ನಿಧಿಯ ಅಪ್ಪನ ಹೆಸರೊಂದು ಮಾತ್ರ ಗುರುತು ಸಿಕ್ಕಿತು. ಮನೆಯಲ್ಲಿಲ್ಲ ಎಂದು ಗೊತ್ತಿದ್ದರೂ ಗುರುತಿನ ಹೆಸರು ಕಂಡಿತಲ್ಲ ಎಂದು ಬೆರಳು ಅದನ್ನೇ ಒತ್ತಿತು.

ಗೋಡೆಯ ಪೆಟ್ಟಿಗೆಯೊಳಗಿಂದ ನಿದ್ದೆಗಣ್ಣಿನ ದನಿಯೊಂದು "ಹಲೋ?" ಎಂದಿತು.

ನನಗೂ ಗಾಬರಿಯಾಯಿತು. "ಸನ್ನಿಧೀನಾ? ನಾನು ಅನಸೂಯ. ನ್ಯೂಜೆರ್ಸಿಯಿಂದ."

ಪೆಟ್ಟಿಗೆಯೊಳಗೆ ಏನೋ ಕೆಳಗೆ ಬಿದ್ದ ಸದ್ದಾಯಿತು. ಆಮೇಲೆ ಸಣ್ಣ ದನಿಯಲ್ಲಿ ಉತ್ತರ ಬಂತು.

"ಆಂಟಿ, ನಾನು ಮನೇಲಿಲ್ಲ."

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಆ ಹುಡುಗಿ ಅಲ್ಲಿ ಪೆಟ್ಟಿಗೆಗೆ ಬಾಯಿಟ್ಟು, ಕಣ್ಣು ಮುಚ್ಚಿಕೊಂಡು ನಿಂತಿರುವುದು ನನಗೆ ಕಂಡಂತೆಯೇ ಆಯಿತು. ಬಫಲೋದ ಸಿಂಕಿನ ಎದುರು ನಾನು ನಿಂತಿದ್ದು ಹಾಗೆಯೇ.

"ಸರಿ ಬಿಡಮ್ಮ" ಎಂದೆ. "ನಾನೂ ಇಲ್ಲಿಗೆ ಬಂದಿಲ್ಲ."

ಪೆಟ್ಟಿಗೆ ನಗತೊಡಗಿತು. ಬಾಗಿಲು ತೆರೆದುಕೊಂಡಿತು.

ಮೆಟ್ಟಿಲ ಮೇಲೆ ಪೈಜಾಮದಲ್ಲಿ, ಕೆದರಿದ ಕೂದಲಲ್ಲಿ ನಿಂತಿದ್ದಳು. ಇಪ್ಪತ್ತಾರು ಇರಬಹುದು. ಕಣ್ಣಲ್ಲಿ ನೀರಿತ್ತು. "ಸಾರಿ ಆಂಟಿ. ನಾನು ಕೆಟ್ಟೋಳಲ್ಲ. ಲಂಡನ್ನಲ್ಲೂ ಕೆಲಸ ಸಿಕ್ಕಿತ್ತು ನಂಗೆ. ಅಲ್ಲಿ ನಮ್ಮೋರು ತುಂಬಾ ಜನ ಇದಾರೆ ಅಂತ ಬೇಕೂಂತ್ಲೇ ಈ ಊರು ಆರಿಸ್ಕೊಂಡೆ. ಇಲ್ಲಿ ಯಾರೂ ಇರಲ್ಲ ಅಂದ್ಕೊಂಡೆ."

"ಇಲ್ವಲ್ಲ."

"ಇರಲ್ಲ ಆಂಟಿ. ಆದ್ರೆ ಎಲ್ಲಾರೂ ಹಾದು ಹೋಗ್ತಾರೆ."

ಆಮೇಲೆ ಹೇಳಿದಳು. ಅಮೆರಿಕದಿಂದ ಬೆಂಗಳೂರಿಗೆ ಹೋಗುವ ಮಾವಂದಿರು, ಅತ್ತೆಯಂದಿರು, ಅವರ ಸ್ನೇಹಿತರು, ಅವರ ಬೀಗರು, ಎಲ್ಲರೂ ಇಲ್ಲಿ ಆರೆಂಟು ಗಂಟೆ ಇಳಿಯುತ್ತಾರೆ. ಎಲ್ಲರ ಬಳಿಯೂ ಅವಳ ನಂಬರಿದೆ. ಒಬ್ಬರಿಗೆ ಮೊಸರನ್ನ ಬೇಕು, ಇನ್ನೊಬ್ಬರಿಗೆ ಫ್ಲಾಸ್ಕಿನಲ್ಲಿ ಕಾಫಿ. ವಾರದಲ್ಲಿ ಐದು ದಿನ ಕತ್ತೆಚಾಕರಿ, ಸಿಗುವ ಶನಿವಾರವೆಲ್ಲ ವಿಮಾನ ನಿಲ್ದಾಣದಲ್ಲಿ. ಹೋದ ತಿಂಗಳಿಂದ ಕಲೋನಿಗೆ ಹೋಗಲು ಶುರು ಮಾಡಿದ್ದಾಳೆ. ಕಲೋನ್ ಎಂದರೆ ಈ ಕೋಣೆ.

"ಶನಿವಾರ ಏನ್ಮಾಡ್ತೀಯ?" ಎಂದೆ.

"ಏನೂ ಮಾಡಲ್ಲ ಆಂಟಿ. ಹತ್ತು ಗಂಟೆಗೆ ಏಳ್ತೀನಿ. ನದಿ ಪಕ್ಕ ಕೂತು ಓದ್ತೀನಿ. ಅಷ್ಟೇ."

ನನಗೂ ಅಷ್ಟೇ ಬೇಕಾಗಿತ್ತು. ಆದರೆ ಚೀಲ ಕೊಟ್ಟು ಹಾಗೇ ಹೊರಟರೆ ಇಬ್ಬರಿಗೂ ಉಳಿಗಾಲವಿರಲಿಲ್ಲ. ಬಾಗಿಲಲ್ಲೇ ಕೊಟ್ಟೆ ಎಂದರೆ, ಒಳಗೆ ಕರೆಯಲಿಲ್ಲವೇ ಎಂದು ಶರ್ವಾಣಿ ಕೇಳುತ್ತಾಳೆ. ಒಳಗೆ ಕರೆದಳು ಎಂದರೆ, ಊಟ ಹಾಕಲಿಲ್ಲವೇ ಎಂದು ಅವಳಮ್ಮ ಮೈಸೂರಿನಿಂದ ಬೈಯುತ್ತಾರೆ. ಊಟ ಆಗಲೇಬೇಕಿತ್ತು. ಆದ್ದರಿಂದ ಊಟ ಆಗಿದೆ ಎಂದು ನಾವಿಬ್ಬರೂ ನಿರ್ಧರಿಸಿದೆವು.

ಮೇಲೆ ಹೋಗಿ ಅವಳ ಎರಡು ಸ್ಟೀಲ್ ತಟ್ಟೆಗಳನ್ನು ಮೇಜಿನ ಮೇಲಿಟ್ಟೆವು. ಪಿಜ್ಜಾದ ಡಬ್ಬಿಯನ್ನು ಮಂಚದ ಕೆಳಗೆ ತಳ್ಳಿದಳು. ಒರಳನ್ನು ಮಧ್ಯೆ, ತೊಕ್ಕಿನ ಬಾಟಲಿಯನ್ನು ಪಕ್ಕಕ್ಕೆ ಇಟ್ಟೆವು. ಅವಳು ಖಾಲಿ ಪಾತ್ರೆಯಿಂದ ಖಾಲಿ ಸೌಟಿನಲ್ಲಿ ನನ್ನ ತಟ್ಟೆಗೆ ಬಡಿಸಿದಳು, ನಾನು ಸಾಕು ಸಾಕು ಎಂದು ಕೈ ಅಡ್ಡ ಹಿಡಿದೆ. ಶರ್ವಾಣಿಗೂ ನಮ್ಮ ಯಜಮಾನರಿಗೂ ಕಳಿಸಲೆಂದು ಟೈಮರ್ ಇಟ್ಟಿದ್ದ ಫೋನು ತಾನೇ ಫೋಟೋ ತೆಗೆಯಿತು.

"ಏನ್ ಅಡಿಗೆ?" ಎಂದೆ.

"ತಿಳಿಸಾರು, ಆಲೂಗಡ್ಡೆ ಪಲ್ಯ. ಪಾಯಸ ಅಂದ್ರೆ ನಂಬಲ್ಲ."

"ಕಲೋನ್?"

"ಟ್ರೈನ್ ಕ್ಯಾನ್ಸಲ್ ಆಯ್ತು. ಅದನ್ನ ಎಲ್ಲಾರೂ ನಂಬ್ತಾರೆ."

"ಎಷ್ಟೊತ್ತು ಕೂತಿದ್ದೆ ನಾನು?"

ಅವಳು ಗಡಿಯಾರ ನೋಡಿದಳು. "ನಾಲ್ಕು ಗಂಟೆ ಇಟ್ಕೊಳಿ ಆಂಟಿ."

ಕಾಫಿ ಮಾಡಲೇ ಎಂದು ಕೇಳಿದಳು. ಕೇಳುವಾಗ ಅವಳ ಮುಖದಲ್ಲಿದ್ದ ಕಷ್ಟ ನನಗೆ ಕಂಡಿತು. "ನಿನ್ನ ಶನಿವಾರ ನಂಗೆ ಬೇಡಮ್ಮ" ಎಂದು ಚಪ್ಪಲಿ ಮೆಟ್ಟಿಕೊಂಡೆ. ಈ ಊರಲ್ಲಿ ನೋಡಲು ಏನಿದೆ ಎಂದದ್ದಕ್ಕೆ, "ಏನೂ ಇಲ್ಲ ಆಂಟಿ, ಅದಕ್ಕೇ ಚೆನ್ನಾಗಿದೆ" ಎಂದಳು.

ಆ ನಾಲ್ಕು ಗಂಟೆಗಳನ್ನು ನಾನು ಹೇಗೆ ಹೇಳಲಿ. ಅರವತ್ತೆರಡು ವರ್ಷದಲ್ಲಿ ಮೊದಲ ಸಲ ನಾನು ಎಲ್ಲಿದ್ದೇನೆಂದು ಯಾರಿಗೂ ಗೊತ್ತಿರಲಿಲ್ಲ. ಬ್ಯಾಂಕುಗಳ ಕಟ್ಟಡಗಳ ಬುಡದಲ್ಲಿ ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿದೆ. ಶನಿವಾರವಾದ್ದರಿಂದ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಯೂರೋದ ದೊಡ್ಡ ನೀಲಿ ಚಿಹ್ನೆಯ ಎದುರು ಒಬ್ಬ ಚೀನೀ ಪ್ರವಾಸಿಯ ಫೋಟೋ ತೆಗೆದುಕೊಟ್ಟೆ. ಅವನು ನನ್ನನ್ನು ಮಗಳಿಗೆ ಮದುವೆಯಾಯಿತೇ ಎಂದು ಕೇಳಲಿಲ್ಲ. ಮಾರುಕಟ್ಟೆಯಲ್ಲಿ ಹಸಿರು ಸೊಪ್ಪಿನ ಗೊಜ್ಜಿನೊಂದಿಗೆ ಬೇಯಿಸಿದ ಆಲೂಗಡ್ಡೆ ತಿಂದೆ, ಸೇಬಿನ ವೈನು ಎಂಬ ಹುಳಿ ನೀರನ್ನು ಅರ್ಧ ಲೋಟ ಕುಡಿದೆ. ನದಿಯ ದಂಡೆಯ ಬೆಂಚಿನಲ್ಲಿ ಕಾಲು ಚಾಚಿ ಕೂತು ಸುಮ್ಮನೆ ದೋಣಿ ನೋಡಿದೆ. ಅಷ್ಟು ಸಂತೋಷ ನನಗೆ ಯಾವ ಮದುವೆಮನೆಯಲ್ಲೂ ಆಗಿಲ್ಲ.

ಮೂರನೆಯ ಬೆಂಚಿನಲ್ಲಿ ಸನ್ನಿಧಿ ಪುಸ್ತಕ ಓದುತ್ತಾ ಕೂತಿದ್ದಳು. ತಲೆ ಎತ್ತಿ ನನ್ನನ್ನು ನೋಡಿದಳು. ಇಬ್ಬರೂ ಗುರುತೇ ಇಲ್ಲದವರ ಹಾಗೆ ಮುಖ ತಿರುಗಿಸಿಕೊಂಡೆವು. ಅವಳ ಭುಜ ನಗುವಿಗೆ ಕುಲುಕುತ್ತಿತ್ತು.

ಹೋಟೆಲಿನಲ್ಲಿ ನಮ್ಮವರು ಒಣ ಬ್ರೆಡ್ಡು ತಿಂದು ಮಲಗಿದ್ದರು. "ಸಾರು ಹೆಂಗಿತ್ತು?" ಎಂದರು ಆಸೆಯಿಂದ. ಚೆನ್ನಾಗಿತ್ತು ಎಂದೆ.

ದೀಪಾವಳಿ ಎಂದಿನಂತೆ ಶರ್ವಾಣಿಯ ಬೇಸ್‌ಮೆಂಟಿನಲ್ಲಿ. ನಲವತ್ತು ಜನ, ಗ್ಯಾರೇಜಿನ ತುಂಬ ಚಪ್ಪಲಿ. ಶರ್ವಾಣಿ ನಮ್ಮ ಊಟದ ಫೋಟೋವನ್ನು ದೊಡ್ಡ ಟೀವಿಗೆ ಹಾಕಿದ್ದಳು. ಖಾಲಿ ಸೌಟು ಆರಡಿ ಅಗಲವಾಗಿ ಕಾಣುತ್ತಿತ್ತು.

"ಹುಡುಗಿಗೆ ಸಾರು ಮಾಡೋಕೆ ಬರುತ್ತೆ ಅಂತ ನಮ್ಮಕ್ಕಂಗೇ ಗೊತ್ತಿರಲಿಲ್ಲ" ಎಂದು ಅವಳು ಎಲ್ಲರಿಗೂ ಹೇಳಿದಳು. ಕಣ್ಣು ಒರೆಸಿಕೊಂಡಳು. "ಅನಸೂಯಕ್ಕ ನಾಲ್ಕು ಗಂಟೆ ಕೂತು ಮಾತಾಡಿಸಿದ್ರಂತೆ. ಪಾಪ, ಒಂಟಿ ಇರ್ತಾಳೆ. ಇನ್ನು ಇಲ್ಲಿಂದ ಆ ಕಡೆ ಹೋಗೋರಿಗೂ ಅವಳ ನಂಬರ್ ಕೊಡ್ತೀನಿ ನಾನು. ಅವಳಿಗೂ ಜನ ಸಿಕ್ಕಂಗಾಗುತ್ತೆ."

"ನಂಗೆ ಕೊಡಿ" ಎಂದು ಸೋಫಾದಿಂದ ಎದ್ದವನು ನಕುಲ್, ಎಡಿಸನ್ನಿನ ದಂತವೈದ್ಯ. "ಡಿಸೆಂಬರಲ್ಲಿ ಹೋಗ್ತಿದೀವಿ. ಫ್ರಾಂಕ್‌ಫರ್ಟಲ್ಲಿ ಒಂಬತ್ತು ಗಂಟೆ ಲೇಓವರ್. ಅಮ್ಮಂಗೆ ಬಿಸಿ ಸಾರನ್ನ ಸಿಕ್ರೆ ಸಾಕು."

ಇನ್ನೂ ಮೂರು ಜನ ಫೋನು ತೆಗೆದರು. ನನ್ನ ಕೈಯಲ್ಲಿದ್ದ ಚಕ್ಕುಲಿ ಬಾಯಿಗೆ ಹೋಗಲಿಲ್ಲ. ಹುಡುಗಿ ತನ್ನ ಒಂದು ಶನಿವಾರದಲ್ಲಿ ನನಗೆ ನಾಲ್ಕು ಗಂಟೆ ಬಿಟ್ಟುಕೊಟ್ಟಿದ್ದಳು. ನಾನು ಹೊಗಳಿದ ಸಾರಿನಿಂದಾಗಿ ಅವಳ ಮುಂದಿನ ಶನಿವಾರಗಳೆಲ್ಲ ಹೋಗುವುದರಲ್ಲಿದ್ದವು.

"ಶರ್ವಾಣಿ" ಎಂದೆ. "ಹೇಳಬಾರದು ಅಂದ್ಕೊಂಡಿದ್ದೆ. ಆ ಸಾರು ತಿಂದು ನಂಗೆ ಹೊಟ್ಟೆ ಕೆಟ್ಟಿತ್ತು."

ಫೋನು ತೆಗೆದವರೆಲ್ಲ ನನ್ನ ಕಡೆ ತಿರುಗಿದರು.

"ಹಳಸಿತ್ತೇನೋ. ಹುಡುಗೀರು, ಒಂದು ದಿನ ಮಾಡಿ ನಾಲ್ಕು ದಿನ ಫ್ರಿಜ್ಜಲ್ಲಿ ಇಡ್ತಾರೆ. ಬೇಜಾರು ಮಾಡ್ಕೊಬೇಡ. ವಯಸ್ಸಾದೋರಿಗೆ ತಡೆಯಲ್ಲ ಅಂತ ಹೇಳ್ದೆ."

"ಅವತ್ತ ಸಂಜೀಕ ನೀ ಚೊಲೋನ ಇದ್ದೆಲ್ಲ ಅನೂ?" ಎಂದರು ನಮ್ಮ ಯಜಮಾನರು, ಕೋಸಂಬರಿಯ ತಟ್ಟೆ ಹಿಡಿದು.

ನಾನು ಅವರನ್ನು ನೋಡಿದೆ. ಮೂವತ್ತೈದು ವರ್ಷದ ಸಂಸಾರದಲ್ಲಿ ಅಂಥ ನೋಟ ಅವರು ಎರಡೋ ಮೂರೋ ಸಲ ಕಂಡಿರಬಹುದು. "ರಾತ್ರಿಯೆಲ್ಲ ಎದ್ದೆದ್ದು ಹೋಗಲಿಲ್ವಾ ನಾನು?" ಎಂದೆ.

ಅವರ ತಲೆ ತಾನೇ ಆಡಿತು. "ಹೂಂ, ಹೂಂ. ಭಾಳ ತ್ರಾಸ ಆತು ಅಕಿಗೆ."

ಜೀವನದಲ್ಲಿ ಮೊದಲ ಸಲ ಅವರ ಹೂಂಗುಟ್ಟುವಿಕೆ ನನ್ನ ಉಪಯೋಗಕ್ಕೆ ಬಂತು. ನಕುಲ್ ತನ್ನ ತಾಯಿಯನ್ನು ಒಮ್ಮೆ ನೋಡಿ, ಫೋನನ್ನು ಜೇಬಿಗಿಟ್ಟ. ಉಳಿದವರೂ ಇಟ್ಟರು. ಶರ್ವಾಣಿ ಟೀವಿ ಆರಿಸಿದಳು. ಅವಳ ಮುಖ ಸಣ್ಣಗಾಗಿದ್ದು ನೋಡಿ ನನಗೆ ನಾಚಿಕೆಯಾಯಿತು. ಅಷ್ಟು ಜನರ ಎದುರು ಅವಳ ಮನೆಯ ಹುಡುಗಿಗೆ ಕೆಟ್ಟ ಹೆಸರು ತಂದಿದ್ದೆ. ಹೊರಡುವಾಗ ಅವಳು ನನ್ನ ಮುಖ ನೋಡದೆಯೇ ಅರಿಶಿನ ಕುಂಕುಮ ಕೊಟ್ಟಳು.

ಮರುದಿನ ಇಡೀ ಬೆಳಗ್ಗೆ ಸನ್ನಿಧಿಗೆ ಹೇಗೆ ಹೇಳುವುದೆಂದು ಒದ್ದಾಡಿದೆ. ಅವಳ ಮೆಸೇಜೇ ಮೊದಲು ಬಂತು.

"ಆಂಟಿ, ಅಮ್ಮ ಮೈಸೂರಿಂದ ಫೋನ್ ಮಾಡಿ ಅರ್ಧ ಗಂಟೆ ಬೈದ್ರು. ಬಂದೋರಿಗೆ ಹಳಸಿದ್ ಸಾರು ಹಾಕ್ತೀಯಾ ಅಂತ. ಮಾನ ಹೋಯ್ತಂತೆ. ಇನ್ಮೇಲೆ ಯಾರಿಗೂ ನನ್ನ ನಂಬರ್ ಕೊಡಲ್ವಂತೆ. ಥ್ಯಾಂಕ್ ಯೂ ಆಂಟಿ."

ನಗು ಬಂತು. ನಗುತ್ತಿರುವಾಗಲೇ ಇನ್ನೊಂದು ಬಂತು.

"ಆದ್ರೆ ನನ್ನ ಸಾರು ನಿಜವಾಗ್ಲೂ ಚೆನ್ನಾಗಿರುತ್ತೆ. ಅದೊಂದು ನಿಮಗೆ ಗೊತ್ತಿರಬೇಕು. ಯಾವಾಗಾದ್ರೂ ಒಂದು ಶನಿವಾರ ಬನ್ನಿ ಆಂಟಿ. ನಾನು ಮನೇಲಿರ್ತೀನಿ."

ಅದನ್ನು ನಾಲ್ಕು ಸಲ ಓದಿದೆ. ಕನ್ನಡಕ ತೆಗೆದು ಒರೆಸಿಕೊಂಡೆ. ಆಮೇಲೆ ನಂದಿತಾಗೆ ಫೋನ್ ಮಾಡಿದೆ.

"ಮುಂದಿನ ಸಲಕ್ಕೆ ಬೇರೆ ಊರು ಹುಡುಕು" ಎಂದೆ. "ಫ್ರಾಂಕ್‌ಫರ್ಟಲ್ಲಿ ಈಗ ನಮ್ಮೋರು ಒಬ್ಬರಿದಾರೆ."

"ಓಕೆ ಅಮ್ಮ. ಎನಿ ಐಡಿಯಾಸ್?"

"ಯಾವ ಊರಾದ್ರೂ ಸರಿ. ದಾರೀಲಿ ಫ್ರಾಂಕ್‌ಫರ್ಟಲ್ಲಿ ಒಂದು ಶನಿವಾರ ಸಿಗೋ ಹಾಗೆ ನೋಡು."